ಗೌರಮ್ಮನವರ ವಿಭೂತಿ ಮುಚ್ಚಳ

ಪುರಾತತ್ವ ಇಲಾಖೆಗೆ ಹೊಸದಾಗಿ ಸೇರಿದ ಮಕ್ಕಳು ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಶಾಲು ಹೊದಿಸಿದರು, ಸೇಬು ಕೊಟ್ಟರು, ಫೋಟೋ ತೆಗೆದುಕೊಂಡರು. ಅಲ್ಲಿಗೆ ಮುಗಿಯಬೇಕಿತ್ತು. ಅವರಲ್ಲೊಬ್ಬಳು, ಕನ್ನಡಕದ ಹುಡುಗಿ, ಪೆನ್ನಿನ ಮುಚ್ಚಳ ತೆಗೆದು, "ಸಾರ್, ನಿಮ್ಮ ಸೇವಾವಧಿಯಿಂದ ನಮಗೆ ಏನು ಸಂದೇಶ?" ಎಂದಳು.

ಸೇವಾವಧಿ ಅನ್ನುವ ಮಾತು ಕೇಳಿಯೇ ನನಗೆ ಬೆನ್ನು ಹಿಡಿದುಕೊಂಡಿತು. "ಸಂದೇಶಗಿಂದೇಶ ಇಲ್ಲ ಕಣವ್ವ. ಒಂದು ಮುಚ್ಚಳದ ವಿಚಾರ ಅದೆ. ಕೇಳ್ತೀಯಾ?" ಅಂದೆ. ಅಷ್ಟರಲ್ಲಿ ಚಾಮರಾಜನಗರದ ಬಸ್ಸು ಹಾರನ್ ಹೊಡೆಯಿತು. ಎಲ್ಲರೂ ಚಪ್ಪಲಿ ಹುಡುಕಿಕೊಂಡು ಓಡಿದರು. ಸೇಬನ್ನು ನಾನು ತಿಂದೆ. ತಿಂದಮೇಲೆ ಸುಮ್ಮನಿರುವುದು ಚೆನ್ನಾಗಿರುವುದಿಲ್ಲ ಅಂತ ಆ ಮುಚ್ಚಳದ ವಿಚಾರ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಸಾಹೇಬರು ಹಾರ ಹಾಕಿದರು ಅನ್ನುವುದೆಲ್ಲ ಇದರಲ್ಲಿ ಇರುವುದಿಲ್ಲ. ಅದು ನನ್ನ ಹೆಂಡತಿಗೇ ನೆನಪಿಲ್ಲ.

ನಾನು ಚಂದಕವಾಡಿ ಕಡೆಯವನು. ಮಾತು ಕಲಿತದ್ದು ನಮ್ಮಜ್ಜಿಯ ಹತ್ತಿರ. ಅವಳು ಎಮ್ಮೆಯನ್ನು ಬೈಯುವುದು ಕೇಳಿ ಕ್ರಿಯಾಪದ ಕಲಿತೆ, ತಾತನನ್ನು ಬೈಯುವುದು ಕೇಳಿ ವಿಶೇಷಣ ಕಲಿತೆ. ಆದ್ದರಿಂದ ಬರವಣಿಗೆಯಲ್ಲಿ ಎಲ್ಲಾದರೂ ಕೊಟ್ಟಿಗೆ ವಾಸನೆ ಬಂದರೆ ಅದು ಮನೆತನದ್ದು, ಸಹಿಸಿಕೊಳ್ಳಿ.

ನನ್ನ ಕೆಲಸ ಶಾಸನಗಳ ಪಡಿಯಚ್ಚು ತೆಗೆಯುವುದು. ಅಂದರೆ ಅಕ್ಷರ ಕೆತ್ತಿದ ಕಲ್ಲನ್ನು ತೊಳೆದು, ಒದ್ದೆ ಕಾಗದ ಅಂಟಿಸಿ, ಗಟ್ಟಿ ಬ್ರಷ್ಷಿನಿಂದ ಬಡಿಯಬೇಕು. ಕಾಗದ ಅಕ್ಷರದ ಗುಂಡಿಯೊಳಕ್ಕೆ ಇಳಿಯುತ್ತದೆ. ಆಮೇಲೆ ಮಸಿ ಹತ್ತಿಸಿದ ಬಟ್ಟೆಯ ಉಂಡೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಕಾಗದವೆಲ್ಲ ಕಪ್ಪಾಗಿ ಅಕ್ಷರ ಮಾತ್ರ ಬೆಳ್ಳಗೆ ಉಳಿಯುತ್ತದೆ. ಓದುವುದು ಸಾಹೇಬರ ಕೆಲಸ, ತಟ್ಟುವುದು ನನ್ನ ಕೆಲಸ. ಸಂಜೆ ಹೊತ್ತಿಗೆ ಕಲ್ಲಿನ ಮೇಲೆ ಇರುವುದಕ್ಕಿಂತ ಹೆಚ್ಚು ಮಸಿ ನನ್ನ ಮೂಗಿನ ಮೇಲೆ ಇರುತ್ತಿತ್ತು. ನಾವು ಯಾವ ಊರಿಗೆ ಹೋದರೂ ಜನ ಕೇಳುತ್ತಿದ್ದ ಪ್ರಶ್ನೆ ಒಂದೇ, "ನಿಧಿ ಎಷ್ಟು ಆಳದಲ್ಲದೆ ಸಾಮಿ?" ಇಲ್ಲ ಅಂದರೆ ನಂಬುತ್ತಿರಲಿಲ್ಲ. ನಾವು ಹೊರಟ ಮೇಲೆ ಕಲ್ಲಿನ ಬುಡ ಅಗೆಯುತ್ತಿದ್ದರು. ಮುಂದಿನ ವರ್ಷ ಹೋದರೆ ಆ ಗುಂಡಿಯಲ್ಲಿ ಬಾಳೆ ಎದ್ದು ನಿಂತಿರುತ್ತಿತ್ತು. ಇಲಾಖೆಯಿಂದ ಕೃಷಿಗೆ ಆದ ಉಪಕಾರ ಅದು.

ನನಗೆ ಕೆಲಸ ಕಲಿಸಿದವರು ನಂಜರಾಜಯ್ಯನವರು. ಶಾಸನ ಓದುವುದರಲ್ಲಿ ಗಟ್ಟಿಗರು, ಪಂಚೆ ಎತ್ತಿ ಕಟ್ಟಿದರೆ ಇನ್ನೂ ಗಟ್ಟಿಗರು. ನಮ್ಮೂರ ಪಕ್ಕದಲ್ಲೇ ಕಟ್ಟೆಯ ದಂಡೆಯ ಮೇಲೆ ಒಂದು ಬಟ್ಟೆ ಒಗೆಯುವ ಕಲ್ಲಿತ್ತು. ಅದರಲ್ಲಿ ಅಕ್ಷರ ಇರುವುದು ನನಗೆ ಚಿಕ್ಕಂದಿನಿಂದ ಗೊತ್ತು. ಸ್ವಂತ ಊರಿನ ಶಾಸನ ಅಂತ ಎದೆ ಉಬ್ಬಿಸಿಕೊಂಡು ಪಡಿಯಚ್ಚು ತೆಗೆದು ಅವರ ಮುಂದೆ ಹಿಡಿದೆ. ನೋಡಿದರು. ಅಡ್ಡ ಹಿಡಿದರು, ಉದ್ದ ಹಿಡಿದರು. ಕೊನೆಗೆ ಅದನ್ನು ನೆಲದ ಮೇಲೆ ಹಾಸಿ, ತಾವೇ ಸುತ್ತಿಕೊಂಡು ಎದುರುಗಡೆಗೆ ಬಂದು ನಿಂತರು.

"ಲೋ ಮಾದಯ್ಯ, ಕಲ್ಲು ಹೆಂಗಿತ್ತು?"

"ಮಲಗಿತ್ತು ಸಾ."

"ಮಲಗೋಕೆ ಮುಂಚೆ?"

ಕಲ್ಲು ಮಲಗುವುದಕ್ಕೆ ಮುಂಚೆ ಏನು ಮಾಡುತ್ತಿತ್ತು ಅಂತ ನನ್ನನ್ನು ಯಾರೂ ಕೇಳಿರಲಿಲ್ಲ.

"ಅದು ಹುಟ್ಟಿದ್ದು ಬಟ್ಟೆ ಒಗೆಯೋದಕ್ಕಲ್ಲ ಕಣಯ್ಯ. ನೀನು ಅದರ ಕಾಲನ್ನ ತಲೆ ಅಂದ್ಕೊಂಡು ಅಚ್ಚು ತೆಗ್ದಿದ್ದೀಯ. ಯಾವುದೇ ವಸ್ತು ಸಿಗಲಿ, ಈಗ ಏನು ಕೆಲಸ ಮಾಡ್ತಾ ಇದೆ ಅನ್ನೋದನ್ನ ಮರೆತುಬಿಡು. ಮೊದಲು ಯಾವ ಕೆಲಸಕ್ಕೆ ಹುಟ್ಟಿತ್ತು, ಹೆಂಗೆ ನಿಂತಿತ್ತು, ಅದನ್ನ ನೋಡು. ಅಕ್ಷರ ಆಮೇಲೆ."

ಪಕ್ಕದಲ್ಲಿ ಸೀರೆ ಹಿಂಡುತ್ತಿದ್ದ ಹೆಂಗಸೊಬ್ಬಳು, "ಅದೇನ್ ನಿಂತಿದ್ರೆ ನಾವು ಒಗೆಯಾದೆಲ್ಲಿ ಸಾಮಿ? ಮಲೀಕಳ್ಲಿ ಬುಡಿ ಪಾಪ" ಅಂದಳು. ನಂಜರಾಜಯ್ಯನವರು ಅವಳ ಮಾತಿಗೂ ತಲೆಯಾಡಿಸಿದರು.

ಇನ್ನೊಂದು ಸಲ ಬದನಗುಪ್ಪೆಯಿಂದ ಕರೆ ಬಂತು. ಕೈಗಾರಿಕೆಗೆ ಅಂತ ಜಾಗ ಸಮ ಮಾಡುವಾಗ ಕಲ್ಲು ಸಿಕ್ಕಿದೆ, ದೇವರ ಶಾಸನ, ಓಡಿ ಬನ್ನಿ ಅಂತ. ಹೋಗುವಷ್ಟರಲ್ಲಿ ಕಲ್ಲಿಗೆ ಅರಿಶಿನ ಕುಂಕುಮ ಮೆತ್ತಿ, ಕಾಯಿ ಒಡೆದು, ಜೆಸಿಬಿ ಡ್ರೈವರ್ ಕೈಮುಗಿದು ನಿಂತಿದ್ದ. ನಾನು ಅರಿಶಿನ ತೊಳೆದೆ. ಕೆಳಗಿನಿಂದ ಯಾವುದೋ ಕಾಲದ ಮೋರಿ ಕಟ್ಟಿಸಿದ ಕಂಟ್ರಾಕ್ಟರನ ಹೆಸರು ಎದ್ದು ಬಂತು. ಎಲ್ಲರ ಮುಖವೂ ಇಳಿದುಹೋಯಿತು. "ಪೂಜೆ ಮಾಡ್ಬುಟ್ಟಿದ್ದೀವಲ್ಲ ಸಾರ್, ಈಗೇನ್ ಮಾಡನ?" ಅಂತ ಮೇಸ್ತ್ರಿ ಕೇಳಿದ. ನಂಜರಾಜಯ್ಯನವರು, "ನಡೆಸ್ಕೊಂಡ್ ಹೋಗಿ. ಮೋರಿ ಕಟ್ಟಿದೋರಿಗೆ ಯಾರು ಪೂಜೆ ಮಾಡ್ತಾರೆ" ಅಂದು, ಒಡೆದ ಕಾಯಿಯಲ್ಲಿ ಒಂದು ಹೋಳು ತೆಗೆದುಕೊಂಡು ಜೀಪು ಹತ್ತಿದರು.

ಅವರು ನಿವೃತ್ತರಾದರು. ಕಾಗದದ ಕಾಲವೂ ಹೆಚ್ಚುಕಡಿಮೆ ಅವರ ಜೊತೆಯಲ್ಲೇ ಹೋಯಿತು. ಫೋನು ಬಂತು. ಕಲ್ಲು ಸಿಕ್ಕಿದರೆ ಫೋಟೋ ತೆಗೆದು ಕಳಿಸು, ಅಲ್ಲಿಂದಲೇ ಉತ್ತರ ಬರುತ್ತದೆ. ಮೂಗಿಗೆ ಮಸಿಯಿಲ್ಲ, ಬೆನ್ನಿಗೆ ನೋವಿಲ್ಲ. ನಂಜರಾಜಯ್ಯನವರ ಜಾಗಕ್ಕೆ ಸ್ವಲ್ಪ ಕಾಲದ ಮೇಲೆ ಒಬ್ಬರು ಮೇಡಂ ಬಂದರು. ಅವರೂ ಬಹಳ ಓದಿಕೊಂಡವರು, ಲಿಪಿಗಳನ್ನು ಸಂತೆಯಲ್ಲಿ ನೆಂಟರ ಗುರುತು ಹಿಡಿಯುವ ಹಾಗೆ ಹಿಡಿಯುತ್ತಿದ್ದರು. ಆದರೆ ಪಾಪ, ಸದಾ ಯಾವುದೋ ಮೀಟಿಂಗಿಗೆ ಹೋಗುತ್ತಲೋ ಯಾವುದೋ ಮೀಟಿಂಗಿನಿಂದ ಬರುತ್ತಲೋ ಇರುತ್ತಿದ್ದರು.

ಇನ್ನು ಮುಚ್ಚಳಕ್ಕೆ ಬರುತ್ತೇನೆ.

ಬೇಗೂರಿನಿಂದ ಒಳಕ್ಕೆ ಹೋದರೆ ಒಂದು ಊರು. ಹೆಸರು ಹೇಳುವುದಿಲ್ಲ, ಆ ಊರಿನವರು ಈಗಲೂ ನನಗೆ ಬಸ್ಸಿನಲ್ಲಿ ಸೀಟು ಕೊಡುತ್ತಾರೆ. ಅಲ್ಲಿ ಒಂದು ಹಳೆಯ ಮಠ. ಮಠದಲ್ಲಿ ವಿಭೂತಿ ಇಡುವ ಬೆಳ್ಳಿ ಡಬ್ಬಿ. ಡಬ್ಬಿಗೆ ಮುಚ್ಚಳವಿಲ್ಲ. ಹಿಂದೆ ಮಠದ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಪುಟ್ಟಬಸಪ್ಪ ಅನ್ನುವ ಅರಿಶಿನದ ವ್ಯಾಪಾರಿ. ಮುಚ್ಚಳ ಕಾಣೆಯಾದದ್ದು ಅವರ ಕಾಲದಲ್ಲಿ. ಅವರು ತೀರಿಕೊಂಡು ಎಷ್ಟೋ ಕಾಲವಾದರೂ ಊರಿನ ಜನ ಆ ಮುಚ್ಚಳದ ಮಾತು ಬಂದಾಗಲೆಲ್ಲ ದನಿ ತಗ್ಗಿಸಿ ಅವರ ಮನೆಯ ಕಡೆ ಗಲ್ಲ ತಿರುಗಿಸುತ್ತಿದ್ದರು.

ಆ ಮನೆಯಲ್ಲಿ ಈಗ ಇದ್ದವರು ಅವರ ಸೊಸೆ ಗೌರಮ್ಮ. ಮಠದ ಜೀರ್ಣೋದ್ಧಾರಕ್ಕೆ ಚಂದಾ ಕೇಳಲು ಕಮಿಟಿಯ ಅಧ್ಯಕ್ಷ ಗುರುಮಲ್ಲಪ್ಪ ಅವರ ಮನೆಗೆ ಹೋಗಿದ್ದಾನೆ. ವರಸೆಯಲ್ಲಿ ಅವನು ಗೌರಮ್ಮನಿಗೆ ಮೈದುನ. ದೇವರಕೋಣೆಗೆ ಕೈಮುಗಿಯಲು ಬಗ್ಗಿದರೆ ಕಂಡದ್ದೇನು? ವಿಭೂತಿ ಉಂಡೆಯ ಮೇಲೆ ಗುಮ್ಮಟದ ಹಾಗೆ ಕೂತಿರುವ ಬೆಳ್ಳಿಯ ಮುಚ್ಚಳ. ಮೇಲೆ ಹಿಡಿ. ಸುತ್ತಲೂ ಅಕ್ಷರ. ಕಾಣೆಯಾದ ಮುಚ್ಚಳದ ಮೇಲೂ ಅಕ್ಷರ ಇತ್ತಂತೆ ಅಂತ ಊರಿನ ಮುದುಕರು ಹೇಳುತ್ತಿದ್ದರು. ಅಲ್ಲಿ ಮುಚ್ಚಳವಿಲ್ಲದ ಡಬ್ಬಿ, ಇಲ್ಲಿ ಡಬ್ಬಿಯಿಲ್ಲದ ಮುಚ್ಚಳ. ಇನ್ನೇನು ಬೇಕು? ಅಕ್ಷರ ಓದಿಸಿ ಒಂದು ಮೊಹರು ಹಾಕಿಸುವುದಷ್ಟೇ ಬಾಕಿ ಅಂತ ಇಲಾಖೆಗೆ ಅರ್ಜಿ ಬಂತು. ನನ್ನನ್ನು ಕಳಿಸಿದರು.

ಗೌರಮ್ಮನವರು ಹಣೆತುಂಬ ವಿಭೂತಿ ಧರಿಸಿದ, ನೆಟ್ಟಗೆ ನಿಂತ ಮುದುಕಿ. ಯಾವ ಜನ ಅಂತ ಕೇಳದೆ ನನಗೆ ಕಾಫಿ ಕೊಟ್ಟರು. ನನ್ನ ಕೆಲಸದಲ್ಲಿ ಇಂಥ ಮನೆಗಳನ್ನು ನೆನಪಿಟ್ಟುಕೊಳ್ಳಬೇಕು, ಬಹಳ ಇರುವುದಿಲ್ಲ.

"ನಮ್ಮ ಮಾವ ಅರಿಶಿಣವ ಲಾರೀಲಿ ಕೊಚ್ಚೀಗೆ ತಕೊಂಡೋಗೋರು ಕಣಪ್ಪ. ಅಲ್ಲೊಬ್ರು ದೊಡ್ಡ ಸಾವ್ಕಾರ್ರು. ಅವರ ಜನವೆಲ್ಲ ಅವರ ಸ್ವಂತ ದೇಸಕ್ಕೆ ಹೊಂಟೋಯ್ತಾ ಇದ್ರಂತೆ. ಮನೆ ಖಾಲಿ ಮಾಡಾವಾಗ ಆ ಮನೆಯಮ್ಮ ನಮ್ಮ ಮಾವನ ಕರದು, ಇದ ನಿಮ್ಮ ದ್ಯಾವ್ರ ಮುಂದೆ ಮಡೀಕಳಿ ಅಂತ ಕೊಟ್ರಂತೆ. ಅಷ್ಟೆಯ."

ಹಿಂದೆಯೇ ಬಂದಿದ್ದ ಗುರುಮಲ್ಲಪ್ಪ ಜಗಲಿಯಿಂದಲೇ ಕೂಗಿದ. "ಅತ್ಗೆ, ಕೊಚ್ಚೀಲಿ ಮೀನು ತಿನ್ನೋರು ಈಬತ್ತಿ ಮುಚ್ಚಳ ಯಾಕ್ ಇಟ್ಕಂಡಿದ್ರು? ವಸಿ ಏಳಿ."

ಪ್ರಶ್ನೆ ಸರಿಯಾಗಿಯೇ ಇತ್ತು. ಗೌರಮ್ಮನವರು ದನಿ ತಗ್ಗಿಸಿ ನನಗೊಬ್ಬನಿಗೇ ಹೇಳಿದರು. "ಬೆಳ್ಳಿ ಬೇಕಾರೆ ತಕೊಂಡೋಗ್ಲಿ, ನಂಗೇನು. ಆದ್ರೆ ಕೊಟ್ಟೆ ಅಂದ್ರೆ ನಮ್ಮ ಮಾವ ಕಳ್ಳ ಅಂತ ನಾನೇ ಒಪ್ಕಂಡಂಗೆ ಆಯ್ತದೆ. ಈ ಮನೆಗೆ ಬಂದಾಗ ನಂಗೆ ಅಕ್ಸರ ಬತ್ತಿರ್ನಿಲ್ಲ. ಜಗಲಿ ಮೇಲೆ ಕೂರಿಸ್ಕಂಡು ಬಳಪ ಹಿಡಿಸಿ ಕಲಿಸ್ದೋರು ಅವ್ರು. ಅವ್ರ ಹತ್ರ ಅಕ್ಸರ ಕಲ್ತ ಬಾಯಲ್ಲಿ ಅವ್ರ ಕಳ್ಳ ಅಂತ ಎಂಗೆ ಏಳ್ಲಿ?"

ಮುಚ್ಚಳ ಕೂತಿದ್ದ ಕಡೆಯೇ, ವಿಭೂತಿ ಉಂಡೆಯ ಮೇಲೆಯೇ, ಫೋಟೋ ತೆಗೆದು ಮೇಡಂಗೆ ಕಳಿಸಿದೆ. ಅವರು ಯಾವ ಮೀಟಿಂಗಿನ ಬಾಗಿಲಲ್ಲಿದ್ದರೋ, ಆಗಲೇ ಉತ್ತರ ಬಂತು. "ಗ್ರಂಥ ಲಿಪಿ ಇದ್ದಂತಿದೆ. ನೋಡಬೇಕು." ಗ್ರಂಥ ಲಿಪಿ ಅಂದರೆ ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಹಳೇ ಲಿಪಿ. ನನ್ನ ಭುಜದ ಮೇಲಿಂದ ಗುರುಮಲ್ಲಪ್ಪ ಅದನ್ನು ಓದಿಕೊಂಡ. ಮೊದಲ ವಾಕ್ಯ ಮಾತ್ರ ಓದಿಕೊಂಡ.

ಮುಂದಿನ ವಾರ ಬೇಗೂರಿನ ಹೆದ್ದಾರಿಯಲ್ಲಿ ಬಸ್ಸು ಇಳಿದರೆ ಎದುರಿಗೇ ಫ್ಲೆಕ್ಸು. ನಡುವೆ ಆಳೆತ್ತರದ ಮುಚ್ಚಳ. ಸುತ್ತ ಕಮಿಟಿಯವರು, ಕಮಿಟಿಯವರ ಮಕ್ಕಳು, ಕೈಮುಗಿದ ಲೀಡರುಗಳು. ಕೆಳಗೆ, "ಮಠದ ಪುರಾತನ ಗ್ರಂಥ ಲಿಪಿಯ ವಿಭೂತಿ ಮುಚ್ಚಳ ಮರಳಿ ಮಠಕ್ಕೆ. ತಜ್ಞರಿಂದ ದೃಢ. ಸರ್ವರಿಗೂ ಸ್ವಾಗತ." ಮುಂದಿನ ಸೋಮವಾರ, ಊರೆಲ್ಲ ಸೇರಿದಾಗ, ಗೌರಮ್ಮನವರು ತಾವೇ ಬಂದು ಮುಚ್ಚಳ ಒಪ್ಪಿಸುವುದು ಅಂತ ಕಾರ್ಯಕ್ರಮ. ಮೇಡಂಗೆ ಫೋನ್ ಮಾಡಿದೆ.

"ನನ್ನ ಹೆಸರು ಹಾಕಿದ್ದಾರಾ ಮಾದಯ್ಯ?"

"ಹೆಸರಿಲ್ಲ ಮೇಡಂ. ತಜ್ಞರು ಅಂತ ಇದೆ."

"ಅದು ಇನ್ನೂ ಕೆಟ್ಟದು. ನೋಡಬೇಕು ಅಂದಿದ್ದೆನಲ್ರೀ!"

"ಅದನ್ನ ಹಾಕೋಕೆ ಜಾಗ ಸಾಲಲಿಲ್ಲ ಅನ್ಸುತ್ತೆ ಮೇಡಂ. ಲೀಡರ್‌ಗಳು ಜಾಸ್ತಿ ಇದ್ದಾರೆ."

"ಫೋಟೋ ಸಾಕು. ಕೂತ್ಕೊಂಡು ಸರಿಯಾಗಿ ಅಚ್ಚು ತೆಗೀರಿ. ನಂಜರಾಜಯ್ಯನವರ ಕಾಲದಲ್ಲಿ ಹೇಗೆ ತೆಗೀತಿದ್ರೋ ಹಾಗೆ" ಅಂದರು.

ನಾನು ಗೌರಮ್ಮನವರ ಜಗಲಿಯ ಮೇಲೆ ಚೀಲ ಬಿಚ್ಚುವ ಹೊತ್ತಿಗೆ ಗುರುಮಲ್ಲಪ್ಪನೂ ಕಮಿಟಿಯವರೂ ಮಠದ ಡಬ್ಬಿ ಹೊತ್ತು ತಂದರು. ಸೋಮವಾರಕ್ಕೆ ಮುಂಚೆ ಒಂದು ಸಲ ಹೊಂದಿಸಿ ನೋಡುವುದು ಒಳ್ಳೆಯದಲ್ಲವೇ ಅಂತ. ಗೌರಮ್ಮನವರು ವಿಭೂತಿ ಉಂಡೆಯನ್ನು ಎಲೆಯ ಮೇಲಿಟ್ಟು, ಮುಚ್ಚಳವನ್ನು ಹುಣಸೆಹಣ್ಣು ಹಾಕಿ ತೊಳೆದು ತಂದುಕೊಟ್ಟರು. ಗುರುಮಲ್ಲಪ್ಪ ಕಣ್ಣು ಮುಚ್ಚಿ ಏನೋ ಮಣಮಣ ಅಂದು ಡಬ್ಬಿಯ ಮೇಲೆ ಮುಚ್ಚಳ ಇಟ್ಟ. ಕೈ ಬಿಟ್ಟ. ಮುಚ್ಚಳ ಒಂದು ಕಡೆಗೆ ವಾಲಿ, ಜಾರಿ, ಟಣ್ ಅಂತ ಜಗಲಿಗೆ ಬಿತ್ತು.

"ಹಳೇ ಕಾಲದ್ದು. ಸವೆದೋಗದೆ" ಅಂದ.

"ಸವೆದ್ರೆ ಚಿಕ್ಕದಾಯ್ತದೆ ಕಣೋ ಗುರುಮಲ್ಲ. ಇದು ದೊಡ್ದಾಗದಲ್ಲ?" ಅಂದರು ಗೌರಮ್ಮ.

"ಸವೆದಿರಾದು ಡಬ್ಬಿ ಅತ್ಗೆ!"

ಕಮಿಟಿಯವರು ಅದೇ ಸರಿ ಅಂದರು. ಡಬ್ಬಿಯನ್ನು ಟವಲಿನಲ್ಲಿ ಸುತ್ತಿಕೊಂಡು ಹೊರಟರು. ಹೋಗುತ್ತ ಒಬ್ಬ, "ಮುಂದ್ಲ ವಾರ ಅಕ್ಕಸಾಲಿ ಚಿಕ್ಕಾಚಾರಿಗೆ ಕೊಟ್ಟು ವಸಿ ಒತ್ತಿಸ್ಬುಡನ" ಅಂದದ್ದು ಕೇಳಿಸಿತು.

ಬೆಳ್ಳಿಗೆ ಕಲ್ಲಿನ ಹಾಗೆ ಒದ್ದೆ ಕಾಗದ ಹಾಕಿ ಬಡಿಯಬಾರದು. ತೆಳು ಕಾಗದ ಸುತ್ತಿ, ಪೆನ್ಸಿಲಿನ ಸೀಸದಿಂದ ಒಣಗೆ ಉಜ್ಜಬೇಕು. ಸುತ್ತಿದರೆ ಕಾಗದ ಜಾರುತ್ತಿತ್ತು. ಗಟ್ಟಿಯಾಗಿರಲಿ ಅಂತ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಅಂಗೈಗೆ ಏನೋ ಚಪ್ಪಟೆಯಾಗಿ ಒತ್ತಿತು. ತಿರುಗಿಸಿ ನೋಡಿದೆ. ಮುಚ್ಚಳದ ಹಿಡಿ ಮೊಗ್ಗಿನ ಹಾಗೆ ಗುಂಡಗಿರಬೇಕು, ಇಲ್ಲವೇ ಕಳಸದ ಹಾಗೆ ಚೂಪಗಿರಬೇಕು. ಇದರ ತುದಿ ರೊಟ್ಟಿಯ ಹಾಗೆ ಅಗಲ, ಸಮ. ಅದರ ಅಂಚಿನ ತುಂಬ ಸಣ್ಣ ಸಣ್ಣ ಗೀರು, ಸುತ್ತಲೂ. ಯಾವುದಾದರೂ ಮುಚ್ಚಳ ತನ್ನ ಹಿಡಿಯನ್ನು ಮೇಜಿಗೆ ಉಜ್ಜಿಕೊಂಡು ಓಡಾಡುತ್ತದೆಯೇ?

ಕಟ್ಟೆಯ ದಂಡೆಯ ಮೇಲಿನ ದನಿ ಕಿವಿಯಲ್ಲೇ ಕೇಳಿದ ಹಾಗಾಯಿತು. ಮಲಗೋಕೆ ಮುಂಚೆ?

ಬೋರಲು ಇದ್ದದ್ದನ್ನು ಎತ್ತಿ ಬಾಯಿ ಮೇಲೆ ಮಾಡಿ ಜಗಲಿಯ ಮೇಲಿಟ್ಟೆ. ಒಂದಿಷ್ಟೂ ಅಲುಗದೆ ನಿಂತಿತು. ಕಾಲಿನ ಮೇಲೆ ನಿಂತಿತು. ಅಕ್ಷರಗಳೂ ಅದರ ಜೊತೆಗೆ ತಿರುಗಿ ನಿಂತವು. ಅಲ್ಲಿಯವರೆಗೆ ನೆಲಕ್ಕೆ ಅಂಟಿಕೊಂಡಿದ್ದ ದಪ್ಪ ಗೆರೆಗಳೆಲ್ಲ ತಲೆಕಟ್ಟಿನ ಹಾಗೆ ಮೇಲಕ್ಕೆ ಬಂದವು. ನನಗೆ ಒಂದಕ್ಷರವೂ ಗೊತ್ತಾಗಲಿಲ್ಲ, ಆದರೆ ಇನ್ನು ಇವನ್ನು ಓದಬಲ್ಲವರು ಎಲ್ಲೋ ಇದ್ದಾರೆ ಅನ್ನಿಸಿತು.

ಗೌರಮ್ಮನವರು ಬಗ್ಗಿ ನೋಡಿದರು. "ಅಯ್ಯೋ ಶಿವನೆ. ಇದು ಮುಚ್ಚಳವೇ ಅಲ್ವಲ್ಲಪ್ಪ. ಬಟ್ಲು!"

ಅಲ್ಲಿಗೆ ವಿಷಯ ಇಷ್ಟೇ. ಪುಟ್ಟಬಸಪ್ಪನವರು ಅದನ್ನು ತಂದು ಯಾವುದೋ ಒಂದು ದಿನ ದೇವರಕೋಣೆಯಲ್ಲಿ ಇಟ್ಟಿದ್ದಾರೆ. ವಿಭೂತಿಗೆ ಜಿರಳೆ ಹತ್ತದಿರಲಿ ಅಂತ ಮನೆಯ ಯಾರೋ ಅದನ್ನು ಬೋರಲು ಹಾಕಿದ್ದಾರೆ. ಅಂದಿನಿಂದ ಅದು ಮುಚ್ಚಳ. ಮನೆಯವರಿಗೂ ಮುಚ್ಚಳ, ಊರಿಗೂ ಮುಚ್ಚಳ, ಫ್ಲೆಕ್ಸಿಗೂ ಮುಚ್ಚಳ.

ಹಾಗೇ ನಿಲ್ಲಿಸಿಕೊಂಡು ಅಚ್ಚು ತೆಗೆದು ಮುಗಿಸಿದೆ, ಇನ್ನೊಂದು ಫೋಟೋನೂ ಕಳಿಸಿದೆ. ಹೊಸ ಫೋಟೋ ಹೋದ ಕೂಡಲೇ ಮೇಡಂ ಮೀಟಿಂಗಿನಿಂದ ಎದ್ದು ಬಂದೇ ಫೋನ್ ಮಾಡಿದರು. "ಮಾದಯ್ಯ, ಇದು ಹೀಬ್ರೂ ಕಣ್ರೀ! ಯಹೂದಿಗಳ ಲಿಪಿ. ತಲೆಕೆಳಗೆ ಇಟ್ಕೊಂಡು ಗ್ರಂಥ ಅಂದ್ಬಿಟ್ಟೆನಲ್ಲಾ. ಕೊಚ್ಚಿಯಲ್ಲಿ ಅವರು ಬಹಳ ಹಿಂದಿನಿಂದ ಇದ್ದರು. ನನಗೆ ಗುರುತು ಹಿಡಿಯೋಕೆ ಬರುತ್ತೆ, ಓದೋಕೆ ಬರಲ್ಲ. ಗುಂಡ್ಲುಪೇಟೇಲಿ ಯಾರಾದ್ರೂ ಫಾದರ್ ಇದ್ರೆ ಹಿಡೀರಿ. ಸೆಮಿನರೀಲಿ ಕೆಲವರು ಕಲಿತಿರ್ತಾರೆ."

ಇದ್ದರು. ವಯನಾಡಿನ ಕಡೆಯವರು. ಶುಂಠಿ ಬೆಳೆಯಲು ಬಂದು ನಿಂತ ಮಲಯಾಳಿಗಳಿಗೆ ಭಾನುವಾರ ಪೂಜೆ ಹೇಳುತ್ತಿದ್ದರು. ನಾನು ಹೋದಾಗ ಲುಂಗಿ ಕಟ್ಟಿಕೊಂಡು ಸ್ಕೂಟರು ತೊಳೆಯುತ್ತಿದ್ದರು. "ಹೀಬ್ರೂವಾ? ಅಯ್ಯೋ, ಪರೀಕ್ಷೆ ಪಾಸಾದ ಕೂಡಲೇ ನಾನದನ್ನು ಬಿಟ್ಟೇಬಿಟ್ಟೆ" ಅಂತ ನಗುತ್ತ ಕೈ ಒರೆಸಿಕೊಂಡರು. ಒಳಗಿಂದ ಗೆದ್ದಲು ತಿಂದ ಒಂದು ಡಿಕ್ಷನರಿ ತಂದರು. ಅಚ್ಚನ್ನು ಬಿಸಿಲಿಗೆ ಹಿಡಿದು ಬಲದಿಂದ ಎಡಕ್ಕೆ ಬೆರಳು ಓಡಿಸಿದರು. ಬಲದಿಂದ ಎಡಕ್ಕೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

"ಬೋರೇ... ಪ್ರೀ... ಹಗಾಫೆನ್." ಬೆರಳು ನಿಂತಿತು. ಫಾದರ್ ಸ್ಕೂಟರಿನ ಮೇಲೆ ಕೂತು ನಗತೊಡಗಿದರು. "ಮಾದಯ್ಯಾ, ಇದನ್ನ ಮಠದಲ್ಲಿ ಇಡ್ತಾರೆ ಅಂತ ಹೇಳಿದ್ರಾ? ಎಂಡೆ ದೈವಮೇ! ಇದು ವೈನ್ ಬಟ್ಟಲು!"

ಆಮೇಲೆ ನಗು ತಡೆದುಕೊಂಡು ಬಿಡಿಸಿ ಹೇಳಿದರು. ಯಹೂದಿಗಳಿಗೆ ಶನಿವಾರ ವಿಶ್ರಾಂತಿಯ ಪವಿತ್ರ ದಿನ. ಅದು ಶುರುವಾಗುವುದು ಶುಕ್ರವಾರ ಸಂಜೆ. ಮನೆಯ ಹೆಂಗಸರು ದೀಪ ಹಚ್ಚುತ್ತಾರೆ. ಮನೆಮಂದಿಯೆಲ್ಲ ಊಟಕ್ಕೆ ಸೇರುತ್ತಾರೆ. ಹಿರಿಯರು ಇಂಥ ಬಟ್ಟಲಿಗೆ ದ್ರಾಕ್ಷಿಯ ಮದ್ಯ ಸುರಿದು, ಕೈಯಲ್ಲಿ ಎತ್ತಿ ಹಿಡಿದು, ದೇವರನ್ನು ಸ್ತುತಿಸುತ್ತಾರೆ. ಅದರ ಮಾತೇ ಬಟ್ಟಲಿನ ಮೇಲೆ ಇತ್ತು. ದ್ರಾಕ್ಷಿಬಳ್ಳಿಯ ಫಲವನ್ನು ಸೃಷ್ಟಿಸುವವನೇ. ಕಾಲಿನ ಅಂಚಿನಲ್ಲಿ, ಗೀರುಗಳ ನಡುವೆ, ಸಣ್ಣದಾಗಿ ಇನ್ನೆರಡು ಮಾತು. ಫಾದರ್ ಡಿಕ್ಷನರಿ ಮುಚ್ಚಿಟ್ಟರು, ಅದಕ್ಕೆ ಡಿಕ್ಷನರಿ ಬೇಕಾಗಿರಲಿಲ್ಲ. ಸಾರಾ. ಕೊಚ್ಚಿ.

ಆ ಮನೆಯಮ್ಮ.

ನನಗೆ ಆದ ಸಂತೋಷ ಗುಂಡ್ಲುಪೇಟೆಯಿಂದ ಬೇಗೂರಿನವರೆಗೆ ಉಳಿಯಿತು. ಬಸ್ಸು ಇಳಿಯುವಾಗ ಇನ್ನೊಂದು ಯೋಚನೆ ಹತ್ತಿತು. ಕಳ್ಳರಲ್ಲ ಅನ್ನುವುದು ಸರಿ. ಆದರೆ ಮದ್ಯದ ಹೆಸರೆತ್ತಿದರೆ ಬಾಯಿ ತೊಳೆದುಕೊಳ್ಳುವ ಮನೆಯವರಿಗೆ, ನಿಮ್ಮ ವಿಭೂತಿ ಇಷ್ಟು ಕಾಲವೂ ವೈನ್ ಬಟ್ಟಲಿನ ಕೆಳಗಿತ್ತು ಅಂತ ಹೇಗೆ ಹೇಳುವುದು? ಮೊದಲೇ ಒಂದು ಮಾತು ಕಿವಿಗೆ ಹಾಕೋಣ ಅಂತ ಗೌರಮ್ಮನವರ ಮನೆಗೆ ಹೋದೆ. ಬಾಯಿ ತೆರೆಯಲೂ ಬಿಡಲಿಲ್ಲ.

"ಅದೇನಿದ್ರೂ ಮಟದಲ್ಲೇ ಏಳಿ. ಕಳ್ಳ ಅಂದದ್ದು ಎಲ್ರ ಮುಂದೆ. ಅಲ್ಲ ಅಂದ್ರೂ ಎಲ್ರ ಮುಂದೆ, ಹೌದು ಅಂದ್ರೂ ಎಲ್ರ ಮುಂದೆ. ನಾನೊಬ್ಳೇ ಕೇಳಿಸ್ಕಳಾದು ನಂಗ್ ಬ್ಯಾಡ."

ಸೋಮವಾರ ಮಠದ ತುಂಬ ಜನ. ಹೊಸ ಬಣ್ಣದ ವಾಸನೆ. ಗದ್ದಿಗೆಯ ಮುಂದೆ ಮುಚ್ಚಳವಿಲ್ಲದ ಡಬ್ಬಿಗೆ ಹೂವಿನ ಹಾರ. ಮೇಡಂ ಮೀಟಿಂಗು ಬಿಟ್ಟು ತಾವೇ ಜೀಪಿನಲ್ಲಿ ಬಂದಿದ್ದರು. ಅಚ್ಚನ್ನು ಬೇರೊಬ್ಬ ವಿದ್ವಾಂಸರಿಗೂ ತೋರಿಸಿ ಫಾದರ್ ಓದಿದ್ದು ಸರಿ ಅನ್ನಿಸಿಕೊಂಡೇ ಬಂದಿದ್ದರು. ಗೌರಮ್ಮನವರು ಸೆರಗಿನಲ್ಲಿ ಬಟ್ಟಲು ಹಿಡಿದು ಕಂಬದ ಪಕ್ಕ ಕೂತಿದ್ದರು.

ಮೇಡಂ ನಿಂತು, "ಮೊದಲು ನಾನು ಗ್ರಂಥ ಲಿಪಿ ಇರಬಹುದು ಅಂದದ್ದು ತಪ್ಪು. ಇದು ಹೀಬ್ರೂ. ಇದು ಮುಚ್ಚಳ ಅಲ್ಲ, ಬಟ್ಟಲು. ಕೊಚ್ಚಿಯ ಸಾರಾ ಅನ್ನುವವರ ಹೆಸರಿದೆ" ಅಂದರು. ಜನ ಗುಜುಗುಜು ಅಂದರು. ಗುರುಮಲ್ಲಪ್ಪ ಮೈಕು ಹಿಡಿದ. ಅವನು ಅಷ್ಟಕ್ಕೆ ಬಿಡುವ ಆಸಾಮಿಯಲ್ಲ.

"ಮುಚ್ಚಳವೋ ಬಟ್ಲೋ, ಮಠದ್ದು ಮಠದ್ದೇಯ. ನಮ್ಮ ಹಿಂದ್ಲ ಸ್ವಾಮಿಗಳು, ದೊಡ್ಡ ಬುದ್ದಿಯೋರು, ಕೇರಳಕ್ಕೆ ಹೋಗಿದ್ರು. ಆಗ ಯಾರೋ ಭಕ್ತರು ಒಪ್ಪಿಸಿರ್ತಾರೆ. ಪವಿತ್ರವಾದ ವಸ್ತು. ಮೇಡಮ್ಮೋರೆ, ಅದರ ಮೇಲೆ ಏನ್ ಬರ್ದದೆ, ಎಲ್ರಿಗೂ ಕೇಳಾ ಹಂಗೆ ಏಳ್ಬುಡಿ."

ಮೇಡಂ ನನ್ನ ಮುಖ ನೋಡಿದರು. ನಾನು ಡಬ್ಬಿಯ ಮುಖ ನೋಡಿದೆ. "ದ್ರಾಕ್ಷಿಬಳ್ಳಿಯ ಫಲವನ್ನು ಸೃಷ್ಟಿಸುವವನೇ, ಅಂತ ಇದೆ" ಅಂದರು ಮೇಡಂ.

"ಆಹಾ! ಅಂದ್ರೆ?"

"ಅಂದ್ರೆ... ಅವರ ಮನೆಗಳಲ್ಲಿ ವೈನ್ ಕುಡಿಯೋ ಮುಂಚೆ ಹೇಳೋ ಪ್ರಾರ್ಥನೆ."

ಗುರುಮಲ್ಲಪ್ಪನ ಬೆನ್ನಿಗೇ ನಿಂತಿದ್ದ ಒಬ್ಬ ಮೆಲ್ಲಗೆ, "ವೈನ್ ಅಂದ್ರೆ ಏನ್ಲಾ?" ಅಂದ. ಇನ್ನೊಬ್ಬ, "ಬ್ರಾಂದಿಗೆ ತಂಗಿ ಆಗ್ಬೇಕು ಕಣ್ಲಾ" ಅಂದ. ಅಷ್ಟೂ ಮೈಕಿನಲ್ಲಿ ಬಂತು.

ಗುರುಮಲ್ಲಪ್ಪ ಬಟ್ಟಲಿನ ಕಡೆ ಚಾಚಿದ್ದ ಕೈಯನ್ನು ಬಿಸಿ ಕಾವಲಿಯಿಂದ ತೆಗೆದ ಹಾಗೆ ತೆಗೆದ. "ಹಂಗಾದ್ರೆ... ಮಠಕ್ಕೂ ಇದಕ್ಕೂ ಸಂಬಂಧ ಇಲ್ಲ. ನಾವು ಯಾವತ್ತೂ ನಮ್ದು ಅಂದಿಲ್ಲ." ಹೊರಗೆ ಮಠದ ಗೋಡೆಯ ಮೇಲೆ ಇನ್ನೊಂದು ಫ್ಲೆಕ್ಸು ಗಾಳಿಗೆ ಪಟಪಟ ಅನ್ನುತ್ತಿತ್ತು.

ಆಗ ಗೌರಮ್ಮನವರು ಎದ್ದರು. ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ನೆಟ್ಟಗೆ ಡಬ್ಬಿಯ ಹತ್ತಿರಕ್ಕೆ ನಡೆದರು.

"ಗುರುಮಲ್ಲ, ಇದು ಮಟದ್ದೋ ಅಲ್ವೋ? ಮಟದ್ದಾದ್ರೆ ತಕೋ, ಇಲ್ಲೇ ಗದ್ದಿಗೆ ಮೇಲೆ ಮಡುಗ್ತೀನಿ."

"ಅತ್ಗೆ, ಬ್ಯಾಡಿ! ಅಲ್ಲೇ ನಿಂತ್ಕಳಿ! ಮಠದ್ದಲ್ಲ!"

"ಮಟದ್ದಲ್ದೆ ಇದ್ರೆ ನಮ್ಮ ಮಾವ ಏನ ಕದ್ರು? ಅದ ಮೈಕಲ್ಲಿ ಏಳು. ಏಳ್ದಿದ್ರೆ ಮಡುಗ್ತೀನಿ."

ಗದ್ದಿಗೆಗೂ ಬಟ್ಟಲಿಗೂ ನಡುವೆ ಒಂದು ಹೆಜ್ಜೆ. ಗುರುಮಲ್ಲಪ್ಪ ಮೈಕಿನ ಕುತ್ತಿಗೆ ಹಿಡಿದ. ಮೈಕು ಕೀಚ್ ಅಂತು. "ಸದರಿ ಬಟ್ಟಲು ಮಠದ್ದಲ್ಲ. ನಮ್ಮ ದೊಡ್ಡಪ್ಪ ಪುಟ್ಟಬಸಪ್ಪನೋರು ಮಠದ ಯಾವ ಮುಚ್ಚಳವನ್ನೂ... ಯಾವ ವಸ್ತುವನ್ನೂ... ತಕೊಂಡಿಲ್ಲ. ಕಮಿಟಿ ಪರವಾಗಿ ತಪ್ಪಾಯ್ತು."

ಮೈಕಿನ ಹಾರನ್ ಸ್ಪೀಕರ್ ಕಟ್ಟಿದ್ದ ಬೇವಿನ ಮರದಿಂದ ಅದು ಸುತ್ತಲ ಹೊಲಕ್ಕೆಲ್ಲ ಕೇಳಿಸಿತು.

ಗೌರಮ್ಮನವರು ಅಲ್ಲೇ ನಿಂತು ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಈಗ ಬಾವಿಗೆ ಎಸೆಯುತ್ತಾರೋ, ಅಕ್ಕಸಾಲಿಗೆ ಕರಗಿಸಲು ಕೊಡುತ್ತಾರೋ ಅಂತ ನಾನು ಒಂದು ಹೆಜ್ಜೆ ಮುಂದಕ್ಕೆ ಇಟ್ಟೆ. ಅವರು ಮೇಡಂ ಕಡೆ ತಿರುಗಿದರು.

"ಆವಮ್ಮ ಇದ ಯಾವ ವಾರ ಮಡುಗ್ತಿದ್ರವ್ವ?"

"ಶುಕ್ರವಾರ ಸಂಜೆ ಅಮ್ಮ. ದೀಪ ಹಚ್ಚಿ."

"ದೀಪ ಹಚ್ಚೀಯಾ?"

"ಹೂಂ."

"ಅಂಗಾರೆ ನಮ್ಮೋರೇ ಬುಡಿ" ಅಂದು ಬಟ್ಟಲನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಹೋದರು.

ನಾನು ನಿವೃತ್ತನಾದ ಮೇಲೆ ಒಂದು ಶುಕ್ರವಾರ ಬೇಗೂರಿಗೆ ಹೋಗಿದ್ದೆ. ಕೆಲಸವೇನೂ ಇರಲಿಲ್ಲ, ಕೆಲಸವಿಲ್ಲದಿರುವುದೇ ಕೆಲಸವಾಗಿತ್ತು. ಒಳಗಿನ ಊರಿನ ದಾರಿಯಲ್ಲಿ ಗುರುಮಲ್ಲಪ್ಪನ ಹುಲ್ಲಿನ ಮೆದೆಗೆ ಆ ಹಳೇ ಫ್ಲೆಕ್ಸು ಹೊದಿಸಿತ್ತು. ಅವಸರದಲ್ಲಿ ತಲೆಕೆಳಗಾಗಿ ಕಟ್ಟಿದ್ದಾರೆ. ಲೀಡರುಗಳೆಲ್ಲ ಕೈಮುಗಿದುಕೊಂಡು ತಲೆಕೆಳಗೆ ನೇತಾಡುತ್ತಿದ್ದರು. ನಡುವೆ ಬಟ್ಟಲೊಂದೇ ನೆಟ್ಟಗಿತ್ತು. ಮಠದ ಮುಚ್ಚಳ ಮಾತ್ರ ಇವತ್ತಿನವರೆಗೂ ಸಿಕ್ಕಿಲ್ಲ. ಡಬ್ಬಿಯ ಮೇಲೆ ಒಂದು ಸ್ಟೀಲ್ ತಟ್ಟೆ ಮುಚ್ಚಿದ್ದಾರೆ ಅಂತ ಕೇಳಿದೆ.

ಗೌರಮ್ಮನವರು ದೀಪ ಹಚ್ಚಿ ಆಗಿತ್ತು. ಹೊಸ್ತಿಲಲ್ಲಿ ನಿಂತು ದೇವರಕೋಣೆಯೊಳಗೆ ನೋಡಿದೆ. ವಿಭೂತಿ ಉಂಡೆ ಈಗ ಟಿಫಿನ್ ಡಬ್ಬಿಯಲ್ಲಿತ್ತು. ಬಟ್ಟಲು ದೀಪದ ಪಕ್ಕ ತನ್ನ ಕಾಲಿನ ಮೇಲೆ ತಾನು ನಿಂತಿತ್ತು, ಅದರ ತುಂಬ ಕಪ್ಪು ದ್ರಾಕ್ಷಿ.

"ವೈನ್ ಸಿಗ್ಲಿಲ್ವಾ ಅವ್ವ?" ಅಂದೆ.

"ಥೂ, ನಿನ್ ಬಾಯಿಗೆ. ಹಣ್ಣು ಮಾಡ್ದೋನು ಶಿವ. ಕೊಳೆ ಹಾಕಾದು ಜನ. ನಾನು ಕೊಳೆ ಹಾಕ್ದೆ ಮಡುಗ್ತೀನಿ. ಬಟ್ಲ ಮೇಲೆ ಬರ್ದಿರಾದೂ ಅಷ್ಟೇ ಅಲ್ವಾ? ಹಣ್ಣು ಮಾಡ್ದೋನೇ ಅಂತ?"

ಅಷ್ಟೇ ಬರೆದಿರುವುದು. ಯಾವ ತಜ್ಞರೂ ಇದಕ್ಕಿಂತ ಹೆಚ್ಚು ಹೇಳಿರಲಿಲ್ಲ.

ಒಂದು ಗೊಂಚಲು ಬಿಡಿಸಿ ನನ್ನ ಅಂಗೈಗೆ ಹಾಕಿದರು. "ತಕೋ. ಸಾರವ್ವನ ಪ್ರಸಾದ."

ತಿಂದೆ. ಸ್ವಲ್ಪ ಹುಳಿ ಇದ್ದವು. ಆದರೂ ಒಂದನ್ನೂ ಬಿಡಲಿಲ್ಲ.